ಸುರಂಜನ್ ದಾಸ್ ಸಾವು ಮತ್ತು ಮಾರುತ್‌ಗೆ ಸಿಗದ ಎಂಜಿನ್

1970ರ ಜನವರಿ 10ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೇಲೇರಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಮಾದರಿಯೊಂದು ನೆಲಕ್ಕಪ್ಪಳಿಸಿ, ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. ಐವತ್ತು ತುಂಬಲು ಅವರಿಗಿನ್ನೂ ಕೆಲವು ವಾರಗಳಿದ್ದವು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ದಾರಿಗೆ ಇಂದು ಅವರ ಹೆಸರಿದೆ. ಟೆಸ್ಟ್ ಪೈಲಟ್ ಒಬ್ಬರ ಸಾವನ್ನು ಬರೆಯುವವರು ಸಾಮಾನ್ಯವಾಗಿ ಆ ಕೊನೆಯ ಹಾರಾಟದಿಂದಲೇ ಶುರುಮಾಡಿ ಅಲ್ಲಿಯೇ ಮುಗಿಸುತ್ತಾರೆ: ಧೈರ್ಯ, ಅಪಾಯ, ಬಲಿದಾನ. ದಾಸ್ ಅವರ ವಿಷಯದಲ್ಲಿ ಅಷ್ಟಕ್ಕೇ ನಿಲ್ಲುವುದು ಅನ್ಯಾಯ. ಅವರ ಸಾವಿಗೆ ಅರ್ಥ ಹುಡುಕಬೇಕಾದದ್ದು ಮಾರುತ್‌ಗೆ ತಕ್ಕ ಎಂಜಿನ್ ಸಿಗದೆ ಹೋದ ಹತ್ತು ವರ್ಷಗಳ ಚರಿತ್ರೆಯಲ್ಲಿ ಎಂಬುದು ಈ ಲೇಖನದ ವಾದ.

ದಾಸ್ ಹುಟ್ಟಿದ್ದು 1920ರಲ್ಲಿ. ತಂದೆ ಸುಧಿರಂಜನ್ ದಾಸ್ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು. ವಾಯುಪಡೆ ಸೇರಿದ ಮಗ ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ತರಬೇತಿ ಪಡೆದು ಎಚ್‌ಎಎಲ್‌ನ ಮುಖ್ಯ ಟೆಸ್ಟ್ ಪೈಲಟ್ ಆದರು. 1956ರಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಮಾರುತ್ ರೂಪಿಸಲು ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಅದಕ್ಕೆ ಮುಂಚೆ ಅರ್ಜೆಂಟೀನಾದಲ್ಲಿ ಅವರು ರೂಪಿಸಿದ ಪುಲ್ಕಿ-2 ಜೆಟ್ 1951 ಮತ್ತು 1952ರಲ್ಲಿ ಇಬ್ಬರು ಪೈಲಟ್‌ಗಳ ಪ್ರಾಣ ತೆಗೆದಿತ್ತು. ಬೆಂಗಳೂರಿನಲ್ಲಿ ಹೆಜ್ಜೆ ಎಚ್ಚರದಿಂದ ಇಡಲಾಯಿತು. ಮೊದಲು ಮಾರುತ್‌ನದೇ ಅಳತೆಯ, ಎಂಜಿನ್ ಇಲ್ಲದ ಗ್ಲೈಡರ್ ಸಿದ್ಧವಾಯಿತು. 1959ರಿಂದ ಡಕೋಟ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಎಳೆದೊಯ್ದು ಮೇಲೆ ಬಿಡುತ್ತಿತ್ತು. ಹಗ್ಗ ಬಿಟ್ಟ ಮೇಲೆ ಪೈಲಟ್‌ಗೆ ಎರಡನೆಯ ಅವಕಾಶವಿಲ್ಲ. ಅಂದಾಜು ತಪ್ಪಿದರೆ ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರಲು ಎಂಜಿನ್ನೇ ಇಲ್ಲ. ಇಳಿಯುವ ವೇಗ, ಎತ್ತರ, ದೂರ ಮೂರೂ ಒಂದೇ ಸಲಕ್ಕೆ ಕೂಡಿಬರಬೇಕು. ಇಂಥ ಹಾರಾಟಗಳಿಂದ ವಿಮಾನದ ನಡತೆ ತಿಳಿದ ಮೇಲೆಯೇ 1961ರ ಜೂನ್ 17ರಂದು ದಾಸ್ ಮಾರುತ್‌ನ ಮೊದಲ ಹಾರಾಟ ನಡೆಸಿದರು. ಒಂದು ವಾರ ಕಳೆದು ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಮುಂದೆ ಪ್ರದರ್ಶನವೂ ಆಯಿತು.

ತೊಡಕು ಇದ್ದದ್ದು ಎಂಜಿನ್‌ನಲ್ಲಿ. ಮಾರುತ್‌ನ ರೂಪ ಶಬ್ದದ ಎರಡು ಪಟ್ಟು ವೇಗವನ್ನು ಮನಸ್ಸಿನಲ್ಲಿಟ್ಟು ಹುಟ್ಟಿದ್ದು; ಅದಕ್ಕೆ ನೆಚ್ಚಿಕೊಂಡದ್ದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಜಿನ್. ಅದನ್ನು ಅಭಿವೃದ್ಧಿಪಡಿಸುವ ಖರ್ಚನ್ನು ಬ್ರಿಟನ್ ಹೊರಲಿಲ್ಲ, ಭಾರತವೂ ಹೊರಲಿಲ್ಲ. ಕೈಗೆ ಸಿಕ್ಕದ್ದು 4,850 ಪೌಂಡ್ ನೂಕುಬಲದ ಆರ್ಫಿಯಸ್-703; ಅಂಥ ಎರಡನ್ನು ಹಾಕಿಕೊಂಡ ವಿಮಾನ ತನ್ನ ವಿನ್ಯಾಸದ ವೇಗವನ್ನು ಎಂದೂ ಮುಟ್ಟಲಿಲ್ಲ. ಸೋವಿಯತ್ ಎಂಜಿನ್ ಪರಿಶೀಲನೆಯಾಯಿತು, ಈಜಿಪ್ಟಿನ ಇ-300 ಎಂಜಿನ್‌ನ ಪರೀಕ್ಷೆಗೆ ಒಂದು ಮಾರುತ್ ಅಲ್ಲಿಗೇ ಹೋಯಿತು. ಯಾವುದೂ ಫಲ ಕೊಡಲಿಲ್ಲ. ಉಳಿದದ್ದು ಇದ್ದ ಎಂಜಿನ್ನಿಗೇ ಬಲ ಕೂಡಿಸುವ ದಾರಿ: ಟರ್ಬೈನಿನ ಹಿಂದೆ ಬಿಸಿಗಾಳಿಗೆ ಮತ್ತೆ ಇಂಧನ ಸಿಂಪಡಿಸಿ ಉರಿಸುವ ‘ರೀಹೀಟ್’. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಆ ಕೆಲಸಕ್ಕೆ ಕೈಹಾಕಿತು. ನೂಕುಬಲ ಏರಿತು; ಆದರೆ ವಿಮಾನದ ಹಿಂಭಾಗದ ಆಕಾರ ಬದಲಾಗಿ ಗಾಳಿಯ ತಡೆಯೂ ಏರಿತು. ದಾಸ್ ಕೊನೆಯ ಸಲ ಏರಿದ್ದು ಈ ರೀಹೀಟ್ ಮಾದರಿಯನ್ನೇ.

ಟೆಸ್ಟ್ ಪೈಲಟ್ ವೃತ್ತಿಯೇ ಅಪಾಯದ್ದು, ಅಪಘಾತ ಯಾವ ವಿಮಾನದಲ್ಲಾದರೂ ಆಗಬಹುದಿತ್ತು ಎಂಬ ಆಕ್ಷೇಪ ಬರಬಹುದು. ನಿಜ. ಬ್ರಿಟನ್ನಿನ ಜೆಫ್ರಿ ಡಿ ಹ್ಯಾವಿಲ್ಯಾಂಡ್ 1946ರಲ್ಲಿ ಸತ್ತದ್ದು ಶಬ್ದವೇಗದ ಸಮೀಪ, ಯಾರಿಗೂ ಪರಿಚಯವಿಲ್ಲದ ಸೀಮೆಯಲ್ಲಿ. ದಾಸ್ ಅಂಥ ಅಪಾಯವನ್ನು 1959–61ರಲ್ಲೇ ದಾಟಿದ್ದರು. 1967ರಲ್ಲಿ ಮಾರುತ್ ವಾಯುಪಡೆಯ ಸ್ಕ್ವಾಡ್ರನ್ ಸೇರಿಯೂ ಆಗಿತ್ತು. ಮೊದಲ ಹಾರಾಟ ಕಳೆದು ಎಂಟೂವರೆ ವರ್ಷದ ಮೇಲೆಯೂ ಅದೇ ಪೈಲಟ್ ಅದೇ ವಿಮಾನದ ಹೊಸ ಮಾದರಿ ಏರಬೇಕಾಗಿ ಬಂದದ್ದಕ್ಕೆ ಎಂಜಿನ್ ಬಿಟ್ಟು ಬೇರೆ ಕಾರಣ ಕಾಣುವುದಿಲ್ಲ. ದಾಸ್ ಅವರೇ 1964ರ ಸೆಪ್ಟೆಂಬರ್ 4ರಂದು ಮೊದಲು ಹಾರಿಸಿದ ಎಚ್‌ಎಎಲ್‌ನ ಕಿರಣ್ ತರಬೇತಿ ವಿಮಾನ ಇದಕ್ಕೆ ಸಾಕ್ಷಿ. ಅದರ ಅಗತ್ಯ ಸಾಧಾರಣ, ತಕ್ಕ ವೈಪರ್ ಎಂಜಿನ್ ಕೈಯಲ್ಲಿತ್ತು. ಅದು ದಶಕಗಳ ಕಾಲ ಪೈಲಟ್‌ಗಳನ್ನು ತಯಾರುಮಾಡಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಅಪಘಾತದ ಕಾರಣವನ್ನು ತನಿಖೆ ಹೇಳಬೇಕು, ಚರಿತ್ರೆ ಬರೆಯುವವರು ಸರ್ಕಾರದ ನಿರ್ಧಾರಗಳನ್ನು ಅದಕ್ಕೆ ತಳುಕು ಹಾಕಬಾರದು. ತನಿಖೆ ಕೇಳುವುದು ಆ ಕ್ಷಣದಲ್ಲಿ ಏನು ಕೆಟ್ಟಿತು ಎಂದು. ಚರಿತ್ರೆ ಕೇಳುವುದು ಆ ವಿಮಾನ ಆ ದಿನ ರನ್‌ವೇಗೆ ಏಕೆ ಬಂತು ಎಂದು. ಕೆಟ್ಟದ್ದು ಎಂಜಿನ್ ಅಲ್ಲದೆ ಬೇರೆ ಭಾಗವೇ ಆಗಿದ್ದರೂ ಎರಡನೆಯ ಪ್ರಶ್ನೆಯ ಉತ್ತರ ಬದಲಾಗದು. ಎಂಜಿನ್ನಿಗೆ ಹಣ ಹಾಕದಿರಲು ಅಂದಿನ ಬಡ ದೇಶಕ್ಕೆ ಕಾರಣಗಳಿದ್ದವು, ಅವನ್ನು ತಳ್ಳಿಹಾಕಲಾಗದು. ಆದರೆ ಉಳಿಸಿದ ಹಣದ ಲೆಕ್ಕದಲ್ಲಿ ಮುಂದಿನ ಪರೀಕ್ಷಾ ಹಾರಾಟಗಳ ಅಪಾಯವನ್ನೂ ಸೇರಿಸಲೇಬೇಕು.

ಇದಿಷ್ಟೂ ವಿಮಾನಗಳ ಚರಿತ್ರೆಯಿಂದ ಕಟ್ಟಿದ ವಾದ. ಮನುಷ್ಯನ ಚರಿತ್ರೆ ಪೂರ್ತಿಯಾಗಲು ಕಾರ್ಖಾನೆಯ ನೆಲದಲ್ಲಿ ನಿಂತವರ ಮಾತು ಬೇಕು. ಮಾರುತ್ ಕಟ್ಟಿದ ಎಚ್‌ಎಎಲ್ ಕೆಲಸಗಾರರಲ್ಲಿ ಈಗ ಉಳಿದವರು ತೀರ ವಯಸ್ಸಾದವರು. ಮನೆಯಲ್ಲಿ ಅಂಥ ಹಿರಿಯರಿದ್ದರೆ, ಆ ದಿನಗಳ ಫೋಟೊ, ಡೈರಿ, ಟಿಪ್ಪಣಿ ಏನೇ ಇದ್ದರೂ ಗುಜರಿಗೆ ಹಾಕಬೇಡಿ. ಅವರು ಹೇಳುವುದನ್ನು ಈಗಲೇ ಬರೆದಿಟ್ಟುಕೊಳ್ಳಿ.