ಹೆಲ್ಸಿಂಕಿ–ಟೋಕಿಯೋ: ಸುತ್ತು ಬಳಸಿದ ಆಕಾಶಮಾರ್ಗ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೂ ಜಪಾನಿನ ಟೋಕಿಯೋಗೂ ನೇರ ಅಂತರ ಸುಮಾರು 7,800 ಕಿಲೋಮೀಟರ್. ಸೈಬೀರಿಯಾದ ಮೇಲೆ ಹಾರಿದರೆ ಒಂಬತ್ತೂವರೆ ಗಂಟೆಯ ಪ್ರಯಾಣ. ಆದರೆ ಇಲ್ಲಿ ಪ್ರಯಾಣದ ಅವಧಿಯನ್ನು ನಿರ್ಧರಿಸಿದ್ದು ಭೂಗೋಳವಲ್ಲ, ರಾಜಕೀಯ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಒಕ್ಕೂಟ ತನ್ನ ಆಕಾಶವನ್ನು ವಿದೇಶಿ ವಿಮಾನಗಳಿಗೆ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಯುರೋಪಿನ ಅನೇಕ ವಿಮಾನಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು, ಇಂಧನ ತುಂಬಿಕೊಂಡು ಜಪಾನಿಗೆ ಹೋಗುತ್ತಿದ್ದವು. 1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಸಂಸ್ಥೆಯು ಹೆಚ್ಚುವರಿ ಇಂಧನ ಟ್ಯಾಂಕ್‌ಗಳಿದ್ದ ಡಿಸಿ-10 ವಿಮಾನವನ್ನು ಉತ್ತರ ಧ್ರುವದ ಮೇಲಿಂದ, ಬೇರಿಂಗ್ ಜಲಸಂಧಿಯ ಮೂಲಕ, ನಡುವೆ ಎಲ್ಲೂ ಇಳಿಸದೆ ಟೋಕಿಯೋಗೆ ಹಾರಿಸಿತು. ಹಿಡಿದ ಕಾಲ ಸುಮಾರು 13 ಗಂಟೆ.

ಮುಂದೆ ಸೈಬೀರಿಯಾದ ದಾರಿ ತೆರೆಯಿತು. ಮೂರೂವರೆ ಗಂಟೆ ಉಳಿಯಿತು. ಏಷ್ಯಾಕ್ಕೆ ಹತ್ತಿರದ ಹೆಬ್ಬಾಗಿಲೆಂದೇ ಹೆಲ್ಸಿಂಕಿ ನಿಲ್ದಾಣ ಬೆಳೆಯಿತು.

2022ರ ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ಆಕ್ರಮಣ ನಡೆಸಿದಾಗ ಐರೋಪ್ಯ ಒಕ್ಕೂಟವು ರಷ್ಯಾದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ರಷ್ಯಾವೂ ಹಾಗೆಯೇ ಮಾಡಿತು. ಮರುತಿಂಗಳೇ ಫಿನ್‌ಏರ್ ಮತ್ತೆ ಧ್ರುವದ ದಾರಿ ಹಿಡಿಯಿತು. ಮತ್ತೆ 13 ಗಂಟೆ!

ಎರಡು ನಗರಗಳ ಅಂತರ ಒಂದಂಗುಲವೂ ಹೆಚ್ಚಿರಲಿಲ್ಲ. 39 ವರ್ಷಗಳಲ್ಲಿ ವಿಮಾನಗಳು ಎಷ್ಟೋ ಸುಧಾರಿಸಿದ್ದವು. ಆದರೂ ಪ್ರಯಾಣಿಕ ಮಾತ್ರ 1983ರ ಗಡಿಯಾರಕ್ಕೇ ಮರಳಿದ್ದ.