ಇನಿಷಿಯಲ್ ಬದಲಾದ ಮೇಲೆ: ಕ್ಯಾಥೊಲಿಕ್ ಮಹಿಳಾ ಕಾಲೇಜುಗಳ ಪದವೀಧರೆಯರನ್ನು ಮಧುಗಿರಿ ಸೀಮೆಯಿಂದ ಹುಡುಕುವುದು

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ. ಶಾಲಾ ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಈ ನಾಲ್ಕು ತಾಲ್ಲೂಕುಗಳ ಸರಕಾರಿ ಶಾಲೆಗಳಲ್ಲಿ ದುಡಿದ ಪ್ರತಿ ಶಿಕ್ಷಕಿಗೂ ಒಂದು ಸೇವಾ ಪುಸ್ತಕವಿದೆ. ಹುಟ್ಟಿದ ದಿನ, ವಿದ್ಯಾರ್ಹತೆ, ಮೊದಲ ನೇಮಕ, ವರ್ಗಾವಣೆ, ಬಡ್ತಿ, ಹೆರಿಗೆ ರಜೆ, ನಾಮನಿರ್ದೇಶನ, ನಿವೃತ್ತಿ ಎಲ್ಲವೂ ಅದರಲ್ಲಿ ತಾರೀಖಿನ ಸಮೇತ ದಾಖಲಾಗುತ್ತವೆ. ಪದವಿ ಪಡೆದ ಹೆಣ್ಣಿನ ಮುಂದಿನ ಬದುಕನ್ನು ಇಷ್ಟು ಕ್ರಮವಾಗಿ ಹಿಡಿದಿಟ್ಟ ಇನ್ನೊಂದು ದಾಖಲೆಯನ್ನು ನಾನು ಕಾಣೆ. ಆದರೂ ನಮ್ಮ ಮಹಿಳಾ ಶಿಕ್ಷಣದ ಚರಿತ್ರೆಯನ್ನು ಬಹುಮಟ್ಟಿಗೆ ಕಾಲೇಜುಗಳ ಸ್ಮರಣ ಸಂಚಿಕೆಗಳನ್ನು ಮುಂದಿಟ್ಟುಕೊಂಡೇ ಬರೆಯುತ್ತ ಬಂದಿದ್ದೇವೆ. ಕರ್ನಾಟಕದ ಕ್ಯಾಥೊಲಿಕ್ ಮಹಿಳಾ ಕಾಲೇಜುಗಳ ಮಟ್ಟಿಗೆ ಈ ದಾರಿಯನ್ನು ತಿರುವುಮುರುವು ಮಾಡಬೇಕು, ಕಾಲೇಜಿನ ಗೇಟಿನಿಂದಲ್ಲ, ತಾಲ್ಲೂಕಿನ ಬೀರುವಿನಿಂದ ಹೊರಡಬೇಕು ಎಂಬುದು ಈ ಲೇಖನದ ವಾದ.

ಮೊದಲು ಕಾಲೇಜುಗಳ ಸಂಗತಿ. ಸೋಫಿ ಲೀವ್ಸ್ ಎಂಬಾಕೆ ಮದರ್ ವೆರೋನಿಕಾ ಎಂಬ ಹೆಸರಿನಲ್ಲಿ ಸನ್ಯಾಸಿನಿಯಾಗಿ, ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಕಟ್ಟಿದರು. ಆ ಸಭೆಯ ಸಿಸ್ಟರುಗಳು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಅವರು ಶಾಲೆ ನಡೆಸುತ್ತಿದ್ದಾಗ ಕರಾವಳಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೆಟ್ರಿಕ್ ಮುಗಿಸಿದ ಹುಡುಗಿ ಹೆಣ್ಣುಮಕ್ಕಳ ಕಾಲೇಜೇ ಬೇಕೆಂದರೆ ಮದ್ರಾಸಿನತ್ತ ನೋಡಬೇಕಿತ್ತು. 1914ರಲ್ಲಿ ಕ್ವೀನ್ ಮೇರಿಸ್, 1915ರಲ್ಲಿ ವುಮೆನ್ಸ್ ಕ್ರಿಶ್ಚಿಯನ್ ಕಾಲೇಜು ಅಲ್ಲಿ ತೆರೆದಿದ್ದವು. ಮಂಗಳೂರಿನಲ್ಲಿ ಜೆಸ್ಯುಯಿಟರ ಸಂತ ಅಲೋಶಿಯಸ್ ಕಾಲೇಜು 1880ರಿಂದ ಇದ್ದರೂ ಅದು ಗಂಡುಮಕ್ಕಳದು. 1921ರಲ್ಲಿ ಮದರ್ ಅಲೋಶಿಯಾ ಸಂತ ಆಗ್ನೆಸ್ ಕಾಲೇಜನ್ನು ಆರಂಭಿಸಿದಾಗ ಪಶ್ಚಿಮ ಕರಾವಳಿಗೆ ಮೊದಲ ಮಹಿಳಾ ಕಾಲೇಜು ದಕ್ಕಿತು. ಘಟ್ಟದ ಮೇಲಿನ ಕತೆ ತಡವಾಗಿ ಶುರುವಾಗುತ್ತದೆ. ತ್ರಿಶೂರಿನಲ್ಲಿ 1944ರಲ್ಲಿ ಹುಟ್ಟಿದ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂತು. ಮೈಸೂರಿನ ತೆರೇಸಿಯನ್ 1963ರದು, ಬೆಂಗಳೂರಿನ ಜ್ಯೋತಿ ನಿವಾಸ 1966ರದು.

ಮಧುಗಿರಿ ಸೀಮೆಯಲ್ಲಿ ಪದವಿ ಶಿಕ್ಷಣ ಬೇರೂರಿದ್ದು ಮುಖ್ಯವಾಗಿ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೂಲಕ. ಮಗಳನ್ನು ಬೆಂಗಳೂರಿಗೆ ಕಳಿಸುವ ಮನೆಗೆ ಶುಲ್ಕಕ್ಕಿಂತ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಹಾಸ್ಟೆಲಿನದು. ಸಿಸ್ಟರುಗಳ ಹಾಸ್ಟೆಲಿಗೆ ಸಂಜೆ ಗೇಟು ಬೀಳುತ್ತದೆ, ಭೇಟಿಗೆ ಬರುವವರ ಹೆಸರು ಪುಸ್ತಕದಲ್ಲಿ ಬರೆಸಬೇಕಾಗುತ್ತದೆ. ಈ ಕಟ್ಟುಪಾಡೇ ಹಿಂದೂ, ಮುಸ್ಲಿಂ ಮನೆಗಳ ಅಪ್ಪ ಅಮ್ಮಂದಿರಿಗೂ ಧೈರ್ಯ ಕೊಟ್ಟಿತು. ಇಂದಿನ ಕಣ್ಣಿಗೆ ಅದು ಬಂಧನವೆನಿಸಬಹುದು. ನನಗೆ ಅದು ಆ ಕಾಲದ ಹುಡುಗಿಗೆ ಊರು ದಾಟಲು ಸಿಕ್ಕ ರಹದಾರಿಯಾಗಿಯೇ ಕಾಣುತ್ತದೆ. ದೂರವೆಂಬುದು ಇಲ್ಲಿ ಮಾತಿನ ಅಲಂಕಾರವಲ್ಲ. ಪಾವಗಡದಿಂದ ಜಿಲ್ಲಾ ಕೇಂದ್ರವೇ ಸುಮಾರು ನೂರು ಕಿಲೋಮೀಟರ್. ತಾಲ್ಲೂಕಿನ ಬಹುಭಾಗವನ್ನು ಆಂಧ್ರ ಸುತ್ತುವರಿದಿದೆ, ಮನೆಮಾತು ಎಷ್ಟೋ ಕಡೆ ತೆಲುಗು. 2022ರ ಮಾರ್ಚಿನಲ್ಲಿ ಪಳವಳ್ಳಿ ಬಳಿ ಕಿಕ್ಕಿರಿದ ಖಾಸಗಿ ಬಸ್ಸು ಉರುಳಿ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಪಾವಗಡದ ಹೆಣ್ಣುಮಕ್ಕಳ ಓದಿನ ಚರಿತ್ರೆಯಲ್ಲಿ ಬಸ್ಸಿಗೆ ಒಂದು ಅಧ್ಯಾಯ ಸಲ್ಲಲೇಬೇಕು.

ಸ್ಮರಣ ಸಂಚಿಕೆಗಳು ಯಾರನ್ನು ನೆನೆಯುತ್ತವೆ? ಮೌಂಟ್ ಕಾರ್ಮೆಲಿನಲ್ಲಿ 1970ರಲ್ಲಿ ಇಂಗ್ಲಿಷ್ ಪದವಿ ಮುಗಿಸಿ, 1973ರಲ್ಲಿ ವಿದೇಶಾಂಗ ಸೇವೆ ಸೇರಿ, 2009ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದ ನಿರುಪಮಾ ರಾವ್ ಅವರನ್ನು. ಅಲ್ಲಿ ಪದವಿ ಪಡೆದು, ಸರಕಾರಿ ಕಾನೂನು ಕಾಲೇಜಿನಲ್ಲಿ ಓದಿ, 1974ರಲ್ಲಿ ರಾಜ್ಯಸಭೆ ಪ್ರವೇಶಿಸಿದ ಮಾರ್ಗರೆಟ್ ಆಳ್ವ ಅವರನ್ನು. ನೆನೆಯುವುದು ನ್ಯಾಯವೇ. ಆದರೆ ಆಳ್ವ ಅವರ ಪದವಿಯ ನಂತರದ ಬದುಕಿನ ಫಲ ಕಾಲೇಜಿನ ಸಭಾಂಗಣಕ್ಕಿಂತ ಶಿರಾ, ಪಾವಗಡದ ಪಂಚಾಯತಿ ಕಟ್ಟೆಯಲ್ಲಿ ಹೆಚ್ಚು ಸ್ಪಷ್ಟವಾಗಿದೆ. ಕರ್ನಾಟಕ ತನ್ನ 1983ರ ಕಾಯ್ದೆಯಲ್ಲೇ ಪಂಚಾಯತಿಗಳಲ್ಲಿ ಹೆಂಗಸರಿಗೆ ಶೇ. 25ರಷ್ಟು ಸ್ಥಾನ ಇಟ್ಟಿತ್ತು. ಆಳ್ವ ಅವರು ಕೇಂದ್ರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ ನೋಡಿಕೊಳ್ಳುತ್ತಿದ್ದಾಗ, 1988ರಲ್ಲಿ ಸಿದ್ಧವಾದ ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆ ಸ್ಥಳೀಯ ಸಂಸ್ಥೆಗಳಲ್ಲಿ ಶೇ. 30ರ ಮೀಸಲಾತಿಯನ್ನು ಸೂಚಿಸಿತು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಮೂರನೇ ಒಂದು ಭಾಗವನ್ನು ದೇಶಕ್ಕೆಲ್ಲ ಕಾನೂನಾಗಿಸಿತು. ಕರ್ನಾಟಕ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಕಾಲೇಜಿನ ಮೆಟ್ಟಿಲನ್ನೇ ಹತ್ತದ ಹೆಂಗಸು ಇಂದು ನಮ್ಮ ಹಳ್ಳಿಯಲ್ಲಿ ಅಧ್ಯಕ್ಷೆಯಾಗಿ ಸಹಿ ಹಾಕುವಾಗ ಆ ಕಾಲೇಜಿನ ಒಂದು ಪದವಿಯೂ ಅಲ್ಲಿ ಸ್ವಲ್ಪ ಕೆಲಸ ಮಾಡಿದೆ.

ಆದರೆ ಬಹುಪಾಲು ಪದವೀಧರೆಯರು ಹಿಡಿದ ದಾರಿ ಮೊದಲ ಕಾಲದಲ್ಲಿ ಬಿ.ಟಿ., ನಂತರದ ಕಾಲದಲ್ಲಿ ಬಿ.ಇಡಿ., ಆಮೇಲೆ ಕರಿಹಲಗೆ. ಹೆಣ್ಣುಮಕ್ಕಳ ಪ್ರೌಢಶಾಲೆ ತೆರೆಯಬೇಕಾದರೆ ಹೆಣ್ಣು ಉಪಾಧ್ಯಾಯರು ಬೇಕು, ಅವರು ಬೇಕಾದರೆ ಕಾಲೇಜು ಬೇಕು. ಈ ಸರಪಳಿ ಅರ್ಥವಾಗಿದ್ದರಿಂದಲೇ ಮಂಗಳೂರಿನ ಸಿಸ್ಟರುಗಳು ಕಾಲೇಜಿನ ಜೊತೆಗೆ ಶಿಕ್ಷಕರ ತರಬೇತಿಯನ್ನೂ ಕೈಗೆತ್ತಿಕೊಂಡರು. ನಮ್ಮ ಸೀಮೆಯಲ್ಲಿ ‘ಕಾನ್ವೆಂಟ್’ ಎಂಬ ಪದ ಪಡೆದ ಅರ್ಥವನ್ನು ಗಮನಿಸಿ. ಶಿರಾದಲ್ಲೋ ಕೊರಟಗೆರೆಯಲ್ಲೋ ‘ಮಗೂನ ಕಾನ್ವೆಂಟಿಗೆ ಹಾಕಿದೀವಿ’ ಎಂದರೆ ಯಾವುದಾದರೂ ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆ. ಅಲ್ಲಿ ಸಿಸ್ಟರುಗಳು ಇರಬೇಕಾದ್ದೇನೂ ಇಲ್ಲ. ಸನ್ಯಾಸಿನಿಯರ ಮಠಕ್ಕಿದ್ದ ಹೆಸರು ಒಂದು ಬಗೆಯ ಶಾಲೆಗೆ ಬಂದು, ಕಡೆಗೆ ಒಂದು ಭಾಷೆಯ ಆಸೆಗೆ ಅಂಟಿಕೊಂಡಿತು. ಪದವಿ ಮುಗಿಸಿ, ಮದುವೆಯಾಗಿ ಈ ಊರುಗಳಿಗೆ ಬಂದ ಹೆಣ್ಣುಮಕ್ಕಳಿಗೆ ಮೊದಲು ಸಿಗುವ ಕೆಲಸ ಅನೇಕ ವೇಳೆ ಇಂಥ ಶಾಲೆಯದೇ. ಸಂಬಳ ಕಡಿಮೆ, ಸೇವಾ ಪುಸ್ತಕ ಇಲ್ಲ. ಇವರೇ ದಾಖಲೆಯಿಂದ ಪೂರ್ತಿ ಜಾರಿದವರು. ಇವರಿಗೆ ಬಾಯಿಮಾತಿನ ಚರಿತ್ರೆಯೊಂದೇ ಗತಿ, ಅದನ್ನು ಸಂಗ್ರಹಿಸಬೇಕಾದವರು ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗದವರು.

ಸೇವಾ ಪುಸ್ತಕ ಇರುವವರ ಜಾಡು ಹಿಡಿಯುವುದೂ ಸುಲಭವಲ್ಲ. ವಿದ್ಯಾರ್ಹತೆಯ ಕಲಂನಲ್ಲಿ ಸಾಮಾನ್ಯವಾಗಿ ಕಾಣುವುದು ವಿಶ್ವವಿದ್ಯಾಲಯದ ಹೆಸರು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬರುವವರೆಗೆ ಈ ಜಿಲ್ಲೆಯ ಕಾಲೇಜುಗಳೂ ಬೆಂಗಳೂರು ವಿಶ್ವವಿದ್ಯಾಲಯಕ್ಕೇ ಸೇರಿದ್ದರಿಂದ, ಮೌಂಟ್ ಕಾರ್ಮೆಲಿನ ಬಿ.ಎ.ಯೂ ಮಧುಗಿರಿಯ ಬಿ.ಎ.ಯೂ ಅಲ್ಲಿ ಒಂದೇ ಸಾಲಾಗಿಬಿಡುತ್ತವೆ. ಕಾಲೇಜು ಯಾವುದೆಂದು ತಿಳಿಯಲು ಅಂಕಪಟ್ಟಿ ಅಥವಾ ಟಿ.ಸಿ. ಬೇಕು. ಅದಕ್ಕಿಂತ ದೊಡ್ಡ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ತವರೂರಿನ, ತಂದೆಯ ಇನಿಷಿಯಲ್ ಇರುತ್ತದೆ. ಮದುವೆಯ ಮೇಲೆ ಅನೇಕರಿಗೆ ಗಂಡನ ಹೆಸರು ಬಂದು ಸೇರುತ್ತದೆ. ನಡುವೆ ಒಂದು ಅಫಿಡವಿಟ್. ಮದುವೆಯಾಗದೆ ಸಿಸ್ಟರ್ ಆದವರ ಕತೆಯೂ ಇದೇ. ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೂ ವ್ರತ ತೊಟ್ಟವರು ಹೊಸ ಹೆಸರು ಪಡೆಯುವುದೇ ರೂಢಿಯಾಗಿತ್ತು. ಸಂಸಾರಕ್ಕೆ ಹೋದವಳೂ ಮಠಕ್ಕೆ ಹೋದವಳೂ ಕಾಲೇಜಿನ ಹಾಜರಿ ಪುಸ್ತಕದ ಹೆಸರನ್ನು ಹೊಸ್ತಿಲಲ್ಲೇ ಬಿಟ್ಟು ಹೋದರು.

ಇದು ಹಳೆಯ ಕಾಲದ ಗೋಳು ಮಾತ್ರವಲ್ಲ. 2022ರಲ್ಲಿ ರಾಜ್ಯ ಸರಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಹೊರಟಾಗ, ಮದುವೆಯಾದ ಅಭ್ಯರ್ಥಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲೋ ಎಂಬ ತಕರಾರು ಹೈಕೋರ್ಟಿನವರೆಗೆ ಹೋಯಿತು. ಪದವಿ ಅವಳದು, ಅಂಕ ಅವಳದು. ಅವಳು ಯಾರ ಮನೆಯವಳು ಎಂಬುದು ಇತ್ಯರ್ಥವಾಗುವವರೆಗೆ ಕೆಲಸ ಕಾಯಬೇಕಾಯಿತು.

ಕಾಲೇಜುಗಳು ತಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಕ್ರಮವಾಗಿ ಲೆಕ್ಕ ಇಡುವುದಕ್ಕೆ 1994ರಲ್ಲಿ ಬೆಂಗಳೂರನ್ನೇ ಕೇಂದ್ರವಾಗಿಸಿ ಹುಟ್ಟಿದ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ದೊಡ್ಡ ಒತ್ತಾಸೆಯಾಯಿತು. ಅದರ ಐದನೆಯ ಮಾನದಂಡ ವಿದ್ಯಾರ್ಥಿಗಳ ಮುನ್ನಡೆಯನ್ನೂ ಹಳೆಯ ವಿದ್ಯಾರ್ಥಿ ಸಂಘವನ್ನೂ ಕೇಳುತ್ತದೆ. ಆದರೆ ಅಂಥ ನಮೂನೆಗಳಿಗೆ ಬೇಕಾದ್ದು ಮುಖ್ಯವಾಗಿ ಉದ್ಯೋಗ ಮತ್ತು ಉನ್ನತ ವ್ಯಾಸಂಗ. ಹತ್ತು ವರ್ಷ ಅತ್ತೆಯ ಆರೈಕೆ ಮಾಡಿ, ನಲವತ್ತಕ್ಕೆ ಬಿ.ಇಡಿ. ಕಟ್ಟಿದವಳನ್ನು ಬರೆಯಲು ಅಲ್ಲಿ ಜಾಗ ಸಾಲದು.

ಸೇವಾ ಪುಸ್ತಕದಲ್ಲಿ ಆ ಜಾಗವಿದೆ. ನೇಮಕದ ದಿನದಿಂದ ಹಿಂದಕ್ಕೆ ಎಣಿಸಿದರೆ ಪದವಿಗೂ ಕೆಲಸಕ್ಕೂ ನಡುವೆ ಕಳೆದ ವರ್ಷಗಳು ತಾವಾಗಿ ಕಾಣುತ್ತವೆ. ಮದುವೆಗೆ ಮುಂಚೆ ನೌಕರಿ ಹಿಡಿದವಳಾದರೆ ನಾಮನಿರ್ದೇಶನದ ಹಾಳೆಯಲ್ಲಿ ತಾಯಿ ತಂದೆಯರ ಹೆಸರು ಹೋಗಿ ಗಂಡನ ಹೆಸರು, ಮುಂದೆ ಮಕ್ಕಳ ಹೆಸರು ಬರುತ್ತದೆ. ಬದುಕಿರುವವರ ಒಪ್ಪಿಗೆ ಪಡೆದೇ ಈ ಪುಟಗಳನ್ನು ತೆರೆಯಬೇಕು. ಕಾಲೇಜಿನ ಪ್ರವೇಶ ಪುಸ್ತಕವನ್ನೂ ಮಧುಗಿರಿಯ ಬೀರುವನ್ನೂ ಜೋಡಿಸುವವರು ಹೆಸರನ್ನು ಹುಡುಕಿ ಪ್ರಯೋಜನವಿಲ್ಲ. ಊರು ಬದಲಾಗಿರುತ್ತದೆ, ಇನಿಷಿಯಲ್ ಬದಲಾಗಿರುತ್ತದೆ, ಕೆಲವೊಮ್ಮೆ ಪೂರಾ ಹೆಸರೇ ಬದಲಾಗಿರುತ್ತದೆ. ಎರಡೂ ಕಡೆ ಒಂದೇ ಆಗಿ ಉಳಿಯುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಇಳಿದು ಬಂದ ಹುಟ್ಟಿದ ತಾರೀಖು. ಕೆಲಸವನ್ನು ಅಲ್ಲಿಂದ ಶುರುಮಾಡಬಹುದು.