ರೇಷ್ಮೆಯ ಸೀಮೆಯಲ್ಲಿ ಎರಡು ಚಕ್ರ

ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಯನ್ನು ನೋಡುತ್ತಾರೆ, ಶಾಸನವನ್ನು ಓದುತ್ತಾರೆ, ಅರಸರ ವಂಶಾವಳಿಯನ್ನು ಬಿಡಿಸುತ್ತಾರೆ. ಆ ಕೋಟೆಗೆ ಹೋಗುವ ದಾರಿಯನ್ನು ನೋಡುವವರು ಕಡಿಮೆ. ದಾರಿಯ ಮೇಲೆ ಯಾರು ನಡೆದರು, ಏನನ್ನು ಹೊತ್ತರು ಎಂದು ಕೇಳುವವರು ಇನ್ನೂ ಕಡಿಮೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ನಡುವಣ ದಾರಿಗಳನ್ನೂ ಅವುಗಳ ಮೇಲೆ ಉರುಳಿದ ಸೈಕಲ್ಲನ್ನೂ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಾತನ್ನು ಫ್ರಾನ್ಸಿನಿಂದ ಆರಂಭಿಸಿದರೆ ಕೇಳುಗರು ಆಶ್ಚರ್ಯಪಡಬಾರದು. ಸೈಕಲ್ ಏರಿ ಹಳ್ಳಿನಾಡನ್ನು ಸಾವಕಾಶವಾಗಿ ಸುತ್ತುವುದನ್ನು ಒಂದು ಸಂಸ್ಕೃತಿಯಾಗಿ ಬೆಳೆಸಿದ ದೇಶ ಅದು. ಅಲ್ಲಿನ ಸೈಕಲ್ ಯಾತ್ರಿಕರು ಹಿರಿಯನೆಂದು ಗೌರವಿಸುವವನು ಪಾಲ್ ದ ವಿವಿ. ‘ವೆಲೋಸಿಯೋ’ ಎಂಬುದು ಅವನ ಕಾವ್ಯನಾಮ. ಅವನು ಮೊದಲು ರೇಷ್ಮೆಯ ವ್ಯಾಪಾರಿ! 1887ರಲ್ಲಿ ಆ ವ್ಯಾಪಾರವನ್ನು ಬಿಟ್ಟು ಸೇಂತ್ ಎತಿಯೆನ್ ಪಟ್ಟಣದಲ್ಲಿ ಸೈಕಲ್ ಅಂಗಡಿ ತೆರೆದು, ಒಂದು ಪತ್ರಿಕೆಯನ್ನೂ ಹೊರಡಿಸಿದ. ಬೆಟ್ಟವನ್ನು ಹತ್ತಲು ಅನುಕೂಲವಾಗುವಂತೆ ಗೇರುಗಳನ್ನು ಬದಲಾಯಿಸುವ ಉಪಾಯಗಳಿಗಾಗಿ ವಾದಿಸಿದ. ಹಸಿವಾಗುವ ಮುನ್ನ ಉಣ್ಣಬೇಕು, ಬಾಯಾರುವ ಮುನ್ನ ಕುಡಿಯಬೇಕು, ಮೆರೆಯುವುದಕ್ಕಾಗಿ ಎಂದೂ ಸೈಕಲ್ ತುಳಿಯಬಾರದು ಎಂಬುದು ಅವನ ಉಪದೇಶದ ಸಾರ. 1930ರಲ್ಲಿ ಅವನು ತೀರಿಕೊಂಡ. ಅದಾಗಿ ಆರು ವರ್ಷಕ್ಕೆ, 1936ರಲ್ಲಿ, ಫ್ರಾನ್ಸಿನ ಕಾರ್ಮಿಕರಿಗೆ ಸಂಬಳಸಹಿತವಾದ ಎರಡು ವಾರಗಳ ರಜೆ ಕಾನೂನಿನ ಹಕ್ಕಾಗಿ ದೊರೆಯಿತು. ಆ ಬೇಸಗೆಯಲ್ಲಿ ಎಷ್ಟೋ ಕಾರ್ಖಾನೆಯ ಆಳುಗಳು ಹೆಂಡತಿಯೊಡನೆ ಸೈಕಲ್ ಏರಿ, ತಮ್ಮದೇ ನಾಡಿನ ಹೊಲಗಳನ್ನೂ ನದಿಗಳನ್ನೂ ಮೊದಲ ಸಲ ಕಂಡರು. ಅಲ್ಲಿಯವರೆಗೆ ಉಳ್ಳವರ ವಿನೋದವಾಗಿದ್ದ ಸೈಕಲ್ ಯಾತ್ರೆ ಅಂದು ದುಡಿಯುವವನ ಬಿಡುವೂ ಆಯಿತು.

ರೇಷ್ಮೆಯ ನೂಲು ನಮ್ಮನ್ನೂ ಆ ನಾಡನ್ನೂ ಇನ್ನೊಂದು ರೀತಿಯಲ್ಲಿ ಕಟ್ಟಿದೆ. ದಕ್ಷಿಣ ಫ್ರಾನ್ಸಿನಲ್ಲಿ ಹುಳುಗಳಿಗೆ ಗಂಟುರೋಗ ತಗುಲಿ ಸಾಕಣೆಗಾರರು ದಿಕ್ಕೆಟ್ಟಾಗ, 1865ರಲ್ಲಿ ಲೂಯಿ ಪಾಶ್ಚರ್ ಅಲ್ಲಿಗೆ ಹೋಗಿ ಸಂಶೋಧನೆಗೆ ತೊಡಗಿದ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಗಳನ್ನಷ್ಟೇ ಉಳಿಸಿಕೊಳ್ಳುವ ಕ್ರಮ ಅವನಿಂದ ಬಂತು. ಟಿಪ್ಪೂ ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರೂರಿದ ರೇಷ್ಮೆ ನಮ್ಮ ಶಿಡ್ಲಘಟ್ಟದಲ್ಲಿ ಇಂದಿಗೂ ಬದುಕಿರುವುದಕ್ಕೆ ಆ ಕ್ರಮವೂ ಒಂದು ಕಾರಣ.

ನಾನು ಹುಟ್ಟಿದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ನಮ್ಮದು ಹಿಪ್ಪುನೇರಳೆಯ ಒಂದೂವರೆ ಎಕರೆ. ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಐದಾರನೆಯ ದಿನ ಗೂಡು ಬಿಡಿಸಬೇಕು. ತಡವಾದಂತೆ ತೂಕ ಇಳಿಯುತ್ತದೆ. ಇನ್ನೂ ತಡವಾದರೆ ಚಿಟ್ಟೆ ಗೂಡನ್ನು ಸೀಳಿ ಹೊರಬರುತ್ತದೆ, ಸೀಳಿದ ಗೂಡಿನಿಂದ ನೂಲು ಬಿಚ್ಚಲಾಗದು. ರೈತನ ಈ ಅವಸರವೇ ದಲ್ಲಾಳಿಯ ಬಂಡವಾಳ. ಮನೆಯ ಬಾಗಿಲಿಗೆ ಬಂದು ಕೇಳಿದ ಬೆಲೆಗೆ ಗೂಡನ್ನು ಒಯ್ಯುತ್ತಿದ್ದ. 1959ರ ಕಾಯಿದೆಯೂ ಮುಂದೆ ಅದಕ್ಕೆ ಬಂದ ತಿದ್ದುಪಡಿಗಳೂ ಮಾರುಕಟ್ಟೆಯ ಬಹಿರಂಗ ಹರಾಜಿಗೆ ಆಧಾರವನ್ನು ಒದಗಿಸಿದವು. ಆದರೆ ಕಾಯಿದೆ ಇದ್ದರೆ ಸಾಲದು, ಗೂಡು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಬೇಕು. ನಮ್ಮಂಥ ಸಣ್ಣ ಹಿಡುವಳಿಯವರ ಮಟ್ಟಿಗೆ ಆ ಕೆಲಸವನ್ನು ಮಾಡಿದ್ದು ಸೈಕಲ್. ನಸುಕಿಗೆ ಮುಂಚೆ, ಕ್ಯಾರಿಯರಿನ ಮೇಲೆ ಗೂಡಿನ ಮೂಟೆ ಕಟ್ಟಿಕೊಂಡು, ಡೈನಮೋದ ಮಂಕು ಬೆಳಕಿನಲ್ಲಿ ಕೆರೆಯೇರಿಯ ಮೇಲೆ ಸಾಲಾಗಿ ಹೋಗುತ್ತಿದ್ದ ಸೈಕಲ್ಲುಗಳು ನನ್ನ ಬಾಲ್ಯದ ಅಳಿಸಲಾಗದ ಚಿತ್ರ.

1976ರ ಬೇಸಗೆ ರಜೆಯಲ್ಲಿ ನಾವು ಮೂವರು ಸಹಪಾಠಿಗಳು ನಮ್ಮ ಸೀಮೆಯನ್ನು ಸೈಕಲ್ ಮೇಲೆ ಸುತ್ತಲು ನಿಶ್ಚಯಿಸಿದೆವು. ಇಬ್ಬರು ಬಾಡಿಗೆ ಸೈಕಲ್ ತಂದರು. ನಾನು ತಂದೆಯವರದನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರನೇ ದಿನಕ್ಕೆ ಬಂದುಬಿಡಪ್ಪ, ಗೂಡು ಬಿಡಿಸೋದಿದೆ” ಎಂದರು.

ಮೊದಲು ಕೈವಾರಕ್ಕೆ ಹೋದೆವು. ಊರೂರು ತಿರುಗಿ ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಯೋಗಿಯಾಗಿ, ತೆಲುಗು ಕನ್ನಡಗಳೆರಡರಲ್ಲೂ ಹಾಡಿದ ನೆಲ ಅದು. ಹುಣಸೆಯ ನೆರಳಿನ ಚಿಂತಾಮಣಿಯ ದಾರಿಯಲ್ಲಿ ಮರಳಿ, ಚಿಕ್ಕಬಳ್ಳಾಪುರವನ್ನು ದಾಟಿ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯನ್ನು ಕಂಡೆವು. ನಂದಿ ಗ್ರಾಮದ ಭೋಗನಂದೀಶ್ವರನ ಸನ್ನಿಧಿಯಲ್ಲಿ ಮಲಗಿದೆವು. ಮರುದಿನ 1478 ಮೀಟರ್ ಎತ್ತರದ ನಂದಿಬೆಟ್ಟವನ್ನು ಸೈಕಲ್ ತಳ್ಳಿಕೊಂಡೇ ಹತ್ತಿದೆವು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ದುರ್ಗ ಅದು. ನಮ್ಮ ಸೈಕಲ್ಲುಗಳಿಗೆ ವೆಲೋಸಿಯೋನ ಗೇರುಗಳಿರಲಿಲ್ಲ!

ಅಲ್ಲಿಂದ ಗೌರಿಬಿದನೂರು, ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳ. ಮಡಿದವರು ಮೂವತ್ತಕ್ಕೂ ಹೆಚ್ಚು ಎಂದು ಆ ಸೀಮೆಯ ಜನ ಹೇಳುತ್ತಾರೆ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಅಂದು ಆ ಗುಂಪಿನಲ್ಲಿದ್ದ ವೃದ್ಧರೊಬ್ಬರು ನಮಗೆ ಜಾಗವನ್ನು ತೋರಿಸಿದರು. ಹೆಚ್ಚು ಮಾತನಾಡಲಿಲ್ಲ. “ಊಟ ಆಯ್ತೇನ್ರಪ್ಪಾ?” ಎಂದು ಕೇಳಿ ಮನೆಗೆ ಕರೆದೊಯ್ದು ಮುದ್ದೆ ಇಕ್ಕಿದರು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿದ್ದ ಘಟನೆ ಅಂದು ನನಗೆ ಒಬ್ಬ ಮನುಷ್ಯನ ಮುಖವಾಯಿತು.

ಹಿಂದಿರುಗುವಾಗ ನನ್ನ ಅಜಾಗರೂಕತೆಯಿಂದ ಸೈಕಲ್ ಹಳ್ಳಕ್ಕೆ ಬಿದ್ದು ರಿಮ್ ಸೊಟ್ಟಗಾಯಿತು. ಮನೆಯನ್ನು ಮುಟ್ಟಿದ್ದು ಐದನೆಯ ದಿನ. ಚಂದ್ರಿಕೆಗಳು ಬರಿದಾಗಿದ್ದವು. ಹಿಂದಿನ ರಾತ್ರಿ ತಂದೆ ತಾಯಿ ಇಬ್ಬರೂ ಮೂಟೆಗಳನ್ನು ತಲೆಯ ಮೇಲೆ ಹೊತ್ತು ಶಿಡ್ಲಘಟ್ಟಕ್ಕೆ ನಡೆದಿದ್ದರು. ಅವರು ನನ್ನನ್ನು ಬೈಯಲಿಲ್ಲ. ತಂದೆ ಸೈಕಲ್ಲನ್ನು ಮಲಗಿಸಿ, ರಿಮ್ಮನ್ನು ಕೈಯಿಂದ ಸವರಿ ನೋಡಿದರು, “ಏನೇನು ನೋಡಿದೆ, ಹೇಳು” ಎಂದರು. ನಾನು ಹೇಳಿದೆ. ನಂದಿಬೆಟ್ಟವನ್ನು ಜೀವಮಾನವೆಲ್ಲ ದೂರದಿಂದ ಕಂಡ ಅವರು ಅದರ ಮೇಲೆ ಹೋಗಿರಲೇ ಇಲ್ಲ ಎಂಬುದು ನನಗೆ ಆಗ ತಿಳಿಯಿತು.

ಮುಂದೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರ ವಿಚಾರವನ್ನು ತಿಳಿದೆ. 1935ರಲ್ಲಿ, ಬಸ್ಸಿಗೆ ಹಣವಿಲ್ಲದೆ, ಓದುವುದಕ್ಕಾಗಿ ಅವರು ಎರಡು ದಿನ ನಡೆದು ಬೆಂಗಳೂರು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಫ್ರಾನ್ಸಿನ ಕಾರ್ಮಿಕರಿಗೆ ರಜೆ ದೊರೆತದ್ದು ಅದರ ಮರುವರ್ಷ. ಅದೇ ಕಾಲದಲ್ಲಿ ಅಲ್ಲಿ ದಾರಿ ಬಿಡುವಾಗಿ ಒದಗಿತು. ಇಲ್ಲಿ ಅದು ವಿದ್ಯೆಗಾಗಿ ತೆರಬೇಕಾದ ಬೆಲೆಯಾಗಿತ್ತು. 2006–07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಗಿ, ಹೆಣ್ಣುಮಕ್ಕಳು ಸಾಲುಸಾಲಾಗಿ ಶಾಲೆಗೆ ಹೋಗುವುದನ್ನು ಕಂಡಾಗ, ಆ ಬೆಲೆ ಸ್ವಲ್ಪವಾದರೂ ಇಳಿಯಿತೆಂದು ನನಗೆ ಅನ್ನಿಸಿತು.

ಇಂದು ಭಾನುವಾರದ ಬೆಳಗ್ಗೆ ಬೆಂಗಳೂರಿನ ತರುಣ ತರುಣಿಯರು ಬೆಲೆಬಾಳುವ ಸೈಕಲ್ಲುಗಳಲ್ಲಿ ನಂದಿಬೆಟ್ಟಕ್ಕೆ ಬರುತ್ತಾರೆ. ನನಗೆ ಅದು ಸಂತೋಷವೇ. ಆದರೆ ಹಲವರು ಸೂರ್ಯೋದಯವನ್ನು ಕಂಡು, ಹತ್ತಿದ ನಿಮಿಷಗಳನ್ನು ಲೆಕ್ಕಹಾಕಿ, ಬಂದ ದಾರಿಯಲ್ಲೇ ಹಿಂದಿರುಗುತ್ತಾರೆ. ಅವರಲ್ಲಿ ನನ್ನದೊಂದು ಬಿನ್ನಹ: ಬೆಟ್ಟ ಇಳಿದ ಮೇಲೆ ಇನ್ನೊಂದು ದಿನ ಉಳಿಯಿರಿ. ವಿದುರಾಶ್ವತ್ಥದಲ್ಲಿ ನಿಂತು ಹೆಸರುಗಳನ್ನು ಓದಿ. ಶಿಡ್ಲಘಟ್ಟದಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ಕುಳಿತು ನೂಲು ತೆಗೆಯುವವರ ಬೆರಳುಗಳನ್ನು ನೋಡಿ.

ತಂದೆಯವರು ಈಗಿಲ್ಲ. ನನಗೆ ಮೊದಲ ಸಂಬಳ ಬಂದ ತಿಂಗಳು ಅವರನ್ನು ಬಸ್ಸಿನಲ್ಲಿ ನಂದಿಬೆಟ್ಟಕ್ಕೆ ಕರೆದೊಯ್ದಿದ್ದೆ. ಬಂಡೆಯ ಅಂಚಿನಲ್ಲಿ ನಿಂತು ಅವರು ಬಹಳ ಹೊತ್ತು ಪೂರ್ವಕ್ಕೆ ನೋಡುತ್ತಿದ್ದರು. ಏನನ್ನು ಹುಡುಕುತ್ತಿದ್ದೀರೆಂದು ಕೇಳಿದೆ. ಶಿಡ್ಲಘಟ್ಟದ ದಾರಿ ಇಲ್ಲಿಂದ ಕಾಣುತ್ತದೆಯೇ ಎಂದು ನೋಡುತ್ತಿದ್ದೇನೆ, ಎಂದರು.